ಕಡಿದ ಮೇಲೆ ಬರುವ ವೋಲ್ಟೇಜು

ಮೇಡಂ ಅವರ ಎಡಹುಬ್ಬು ಅರ್ಧಕ್ಕೇ ನಿಂತಿತ್ತು. ಉಳಿದರ್ಧ ಹಿಂದೆ ಬೇರೊಂದು ಸಕ್ಕರೆ ಕಾರ್ಖಾನೆಯಲ್ಲಿ ಬ್ರೇಕರ್ ಸಿಡಿದಾಗ ಸುಟ್ಟುಹೋಗಿತ್ತಂತೆ. ಮತ್ತೆ ಕೂದಲು ಬರಲೇ ಇಲ್ಲ. ಆಲಮೇಲದ ಕಡೆಯ ನಮ್ಮ ಕಾರ್ಖಾನೆಗೆ ಅವರು ವಿದ್ಯುತ್ ವಿಭಾಗದ ಮುಖ್ಯಸ್ಥರಾಗಿ ಬಂದರು. ನಾನು ಅವರ ಕೈಕೆಳಗೆ ಪ್ಯಾನೆಲ್ ಆಪರೇಟರ್. ಮುಂಜಾನೆ ಬಂದವರೇ ಜನರೇಟರಿನ ಸುತ್ತ ಒಂದು ಸುತ್ತು ಹಾಕಿ, ಅದರ ಸದ್ದಿಗೆ ಕಿವಿಗೊಟ್ಟು, ಆಮೇಲೆಯೇ ಚಹಾ ಮುಟ್ಟುತ್ತಿದ್ದರು.

ಶಾರ್ಟ್ ಆದಾಗ ಕರೆಂಟು ಕಡಿಯುವುದು ಬ್ರೇಕರಿನ ಕೆಲಸ. ಕಡಿದರೆ ಮುಗಿಯಿತೆಂದು ನಾವೆಲ್ಲ ತಿಳಿದಿದ್ದೆವು. ಮೇಡಂ ಬೈಯುತ್ತಿದ್ದರು: "ಕಡದ ಮ್ಯಾಲನ ಖರೇ ಕುತ್ತು ಐತಿ! ಬಿಟ್ಟ ಎರಡು ತುದಿ ನಡುವ ವೋಲ್ಟೇಜ್ ಗಪ್ಪನ ಜಿಗಿದು ಬರ್ತೈತಿ. ಜನರೇಟರ್ ಬಾಜೂಕಂತೂ ಇನ್ನೂ ಜೋರ. ಬ್ರೇಕರ್ ಅದನ್ನ ತಡಕೊಳ್ಳಲಿಲ್ಲಂದ್ರ ಆರಿದ ಕಿಡಿ ಮತ್ತ ಹತ್ಕೋತೈತಿ."

ಅದಕ್ಕೇ ಜನರೇಟರಿಗೆಂದೇ ಮಾಡಿದ ಬ್ರೇಕರ್ ಬೇಕೆಂದು ಹಟ ಹಿಡಿದರು. ಜನರಲ್ ಮ್ಯಾನೇಜರ್ ತರಿಸಿದ್ದು ಊರಿನ ಲೈನುಗಳಿಗೆ ಹಾಕುವ ಸಾದಾ ಮಾಲು. "ಎರಡರ ಮ್ಯಾಲೂ ಅಷ್ಟ ವೋಲ್ಟು, ಅಷ್ಟ ಆಂಪಿಯರ್ ಬರದೈತಿ. ಗೇಟಿನ್ಯಾಗ ಕಬ್ಬು ಒಣಗಾಕತ್ತೈತಿ, ನಿಮ್ದೇನ್ರಿ ತಕರಾರು?" ಎಂದ. ಮೇಡಂ ಮಾತಿಗೆ ಕವಡೆ ಕಿಮ್ಮತ್ತಿಲ್ಲ. ಪೂಜೆ ಮಾಡಿ, ಕಾಯಿ ಒಡೆದು, ಅದನ್ನೇ ಚಾಲೂ ಮಾಡಿದರು.

ಮೇಡಂ ಸುಮ್ಮನೆ ಕೂರುವ ಜೀವವೇ? ಬ್ರೇಕರಿನ ಎದುರಿಗಿದ್ದ ನನ್ನ ಮೇಜನ್ನು ಗೋಡೆಯಾಚೆಗೆ ಹಾಕಿಸಿದರು. "ಜನರೇಟರ್ ಓಡೂತನಕ ಒಬ್ರೂ ಈ ಖೋಲಿಯೊಳಗ ಕಾಲಿಡಬಾರದು" ಎಂದು ಕಟ್ಟಪ್ಪಣೆ ಮಾಡಿದರು. "ಮೇಡಂಗ ಅಂಜಿಕಿ ಭಾಳ" ಎಂದು ಮ್ಯಾನೇಜರ್ ಎಲ್ಲರೆದುರು ಹಲ್ಲು ಕಿರಿದ.

ಹಂಗಾಮಿನ ನಡುವೆ ಒಂದು ಮಧ್ಯಾಹ್ನ ಜನರೇಟರ್ ಪಕ್ಕದ ಕೇಬಲ್ ಶಾರ್ಟ್ ಆಯಿತು. ಬ್ರೇಕರ್ ತೆರೆಯಿತು, ಆದರೆ ಕಿಡಿ ಮತ್ತೆ ಹೊತ್ತಿಕೊಂಡು ಬ್ರೇಕರ್ ಕೂರಿಸಿದ್ದ ಇಡೀ ಪ್ಯಾನೆಲ್ ಸಿಡಿಯಿತು. ಹೊಗೆ ಇಳಿದ ಮೇಲೆ ಹೋಗಿ ನೋಡಿದರೆ, ಅದರ ಕಬ್ಬಿಣದ ಬಾಗಿಲು ನನ್ನ ಮೇಜು ಮೊದಲಿದ್ದ ಜಾಗದಲ್ಲೇ ಬಿದ್ದಿತ್ತು.

ಇಷ್ಟಾದ ಮೇಲೆ ವಿಚಾರಣೆಯ ನಾಟಕ. ತೀರ್ಮಾನ ಏನು ಗೊತ್ತೇ? ಬ್ರೇಕರ್ ತಂದವನದು ತಪ್ಪಲ್ಲ. 'ನಿರ್ವಹಣೆಯ ಲೋಪ', ಅಂದರೆ ಮೇಡಂ ಅವರದು! ಥೂ, ಇವರ ಮುಖಕ್ಕಿಷ್ಟು! ನಾನು ಹೇಳಲು ಹೋದರೆ, "ನಿನ್ನ ಯಾರು ಕೇಳ್ಯಾರ?" ಎಂದು ಹೊರಗಟ್ಟಿದರು. ಮೇಡಂ ಅವರನ್ನು ಉಗ್ರಾಣಕ್ಕೆ ತಳ್ಳಿದರು. "ನೌಕರಿ ಬೇಕಾದ್ರ ತಗೋರಿ, ಆ ಸುಳ್ಳೊಂದು ತಗದ ಹಾಕ್ರಿ" ಎಂದು ಅವರು ಆಫೀಸಿಗೆ ಅಲೆದದ್ದೇ ಅಲೆದದ್ದು. ಅಲೆಯುತ್ತಿರುವಾಗಲೇ ಕಾಯಿಲೆ ಬಿದ್ದು ತೀರಿಕೊಂಡರು.

ಈಗ ಅಲ್ಲಿ ಅವರು ಕೇಳಿದಂಥ ಬ್ರೇಕರೇ ಕೂತಿದೆ! ಸಂತಾಪ ಸಭೆಯಲ್ಲಿ ಅದೇ ಮ್ಯಾನೇಜರ್ ಅವರ ಫೋಟೋಕ್ಕೆ ಹಾರ ಹಾಕಿ, "ಎಲ್ಲಾರೂ ಎದ್ದು ಮೌನ ಆಚರಿಸೂನ್ರಿ" ಎಂದ. ನನ್ನ ಮೈಯೆಲ್ಲ ಉರಿದುಹೋಯಿತು.

"ಇಷ್ಟು ದಿನ ಮಾಡಿದ್ದು ಮೌನನ ಅಲ್ಲೇನ್ರಿ? ಅವರದು ತಪ್ಪಿಲ್ಲಂತ ಒಬ್ರಾದ್ರೂ ಬಾಯಿ ಬಿಟ್ಟು ಹೇಳ್ರಿ!"

ಎಲ್ಲರೂ ತಲೆ ತಗ್ಗಿಸಿ ಎದ್ದು ನಿಂತರು. ನಾನೊಬ್ಬನೇ ಮಾತಾಡುತ್ತಲೇ ಇದ್ದೆ: ತಪ್ಪು ಅವರದಲ್ಲ, ನಾನು ಬದುಕಿರುವುದೇ ಅವರಿಂದ.