ಎಂಟು ಗೀಟು

ಕಳೆದ ವಾರ, ನಾನೀಗ ಕೆಲಸ ನೋಡಿಕೊಳ್ಳುವ ಯಳಂದೂರಿನ ಕಟ್ಟಡವೊಂದರಲ್ಲಿ, ಕಾಂಕ್ರೀಟು ಸುರಿಯಲು ಹಾಸುವ ಸೆಂಟ್ರಿಂಗ್ ಶೀಟುಗಳಿಗೆ ಹಳೇ ಎಂಜಿನ್ ಆಯಿಲ್ ಬಳಿಯುತ್ತಿದ್ದರು. ವಾಸನೆ ಮೂಗಿಗೆ ಬಡಿದೊಡನೆ ಎರಡು ಹೆಜ್ಜೆ ಹಿಂದೆ ಸರಿದೆ. ಐದು ವರ್ಷವಾಯಿತು, ಈಗಲೂ ಆ ವಾಸನೆಯ ಹಿಂದೆಯೇ ಮೇಸ್ತ್ರಿ ನೆನಪಾಗುತ್ತಾರೆ.

ಆಗ ನಾನು ಕೊಳ್ಳೇಗಾಲದಲ್ಲಿ ಕಟ್ಟಡ ವಿನ್ಯಾಸ ಮತ್ತು ನಿರ್ಮಾಣದ ಡಿಪ್ಲೊಮಾ ಓದುತ್ತಿದ್ದೆ. ತರಬೇತಿಗೆಂದು ಹನೂರಿನಲ್ಲಿ ಏಳುತ್ತಿದ್ದ ಒಂದು ಮನೆಗೆ ಆರು ವಾರ ಕಳಿಸಿದ್ದರು. ಎಂಜಿನಿಯರ್ ಬರುತ್ತಿದ್ದುದು ವಾರಕ್ಕೊಮ್ಮೆ. ಉಳಿದ ದಿನಗಳಲ್ಲಿ ಮೇಸ್ತ್ರಿಯ ಮಾತೇ ಕೊನೆ. ಪಾಲಾರ್ ಕಡೆಯವರು, ಓದು ಬರಹ ಬರುತ್ತಿರಲಿಲ್ಲ. ನಾನು ಸಿಮೆಂಟ್ ಮೂಟೆ, ಸರಳು, ಆಳು, ತಾರೀಕು ಎಲ್ಲವನ್ನೂ ಡೈರಿಯಲ್ಲಿ ಬರೆಯುತ್ತಿದ್ದೆ. ಅವರ ಲೆಕ್ಕವೇ ಬೇರೆ. ಛಾವಣಿಗೆ ಕಾಂಕ್ರೀಟಿನ ಮೋಲ್ಡ್ ಹಾಕಿದ ದಿನದಿಂದ, ದಿನಕ್ಕೊಂದರಂತೆ, ಕೆಳಗೆ ಆನಿಸಿದ ಸರ್ವೆ ಕಂಬದ ಮೇಲೆ ಇದ್ದಿಲಿನ ಗೀಟು. ಹದಿನಾಲ್ಕು ಗೀಟಾಗುವವರೆಗೂ ಕಂಬ ತೆಗೆಯುವಂತಿರಲಿಲ್ಲ, ತೆಗೆದರೆ ಛಾವಣಿ ಕುಸಿಯಬಹುದು.

"ನನ್ ಡೈರಿ ನಿಂತ್ಕಂಡದೆ, ನಿಂದು ಚೀಲ್ದೊಳ್ಗೆ ಮಲ್ಗದೆ" ಎಂದು ನಗುತ್ತಿದ್ದರು.

ಮನೆಯ ಮೇಲ್ಛಾವಣಿಗೆ ಮೋಲ್ಡ್ ಹಾಕುವ ಮುಂಚೆಯೇ ಅವರು ಯಾವುದೋ ಸಾವಿಗೆಂದು ಊರಿಗೆ ಹೋದರು. ಛಾವಣಿಗೂ, ಅದಾಗಿ ಒಂದು ವಾರದ ನಂತರ ಮುಂದಿನ ಪೋರ್ಟಿಕೊಗೂ ಉಳಿದವರೇ ಮೋಲ್ಡ್ ಹಾಕಿದರು. ಅಲ್ಲಿ ಗೀಟೆಳೆಯುವ ಕೆಲಸ ಕಾಂಕ್ರೀಟಿಗೆ ನೀರು ಹಾಕುವ ಅಕ್ಕನದು.

ವಾಪಸು ಬಂದ ಸೋಮವಾರವೇ ಮೇಸ್ತ್ರಿ ಪೋರ್ಟಿಕೊದ ಕಂಬ ತೆಗೆಯಲು ಹೊರಟರು. ಎಷ್ಟು ದಿನವಾಯಿತೆಂದು ಕೇಳಿದರು. ನಾನು ಡೈರಿ ತೆರೆದು, ಬೆರಳಿಟ್ಟು ಎಣಿಸಿ, ಹದಿನೈದು ಎಂದೆ.

"ಕಂಬ್ದಲ್ಲಿ ಎಂಟೇ ಅದೆಯಲ್ಲ?"

"ನಾ ದಿನಾ ಎಳ್ದಿವ್ನಿ ಕಣಣ್ಣ!" ಎಂದರು ಅಕ್ಕ.

"ಮರ್ತಿರ್ತೀಯ, ಬುಡು. ಓದ್ದೋರು ಬರ್ದಿರೋದು ಸುಳ್ಳಾದದಾ?"

ಅಕ್ಕ ಮುಖ ಊದಿಸಿಕೊಂಡರು. ಒಟ್ಟು ಹನ್ನೆರಡು ಕಂಬ. ಮೇಸ್ತ್ರಿ ಬುಡದ ಬೆಣೆ ಹೊಡೆದು ಬಿಡಿಸಿ ಕಂಬ ಬೀಳಿಸುತ್ತಿದ್ದರು, ಅಕ್ಕ ಹೊತ್ತು ಹೊರಗಿಡುತ್ತಿದ್ದರು. ಮೂರು ಬಿದ್ದಾಗ ಅದನ್ನು ಬರೆದುಕೊಳ್ಳಲೆಂದು ಹಾಳೆ ತಿರುಗಿಸಿದೆ. ಅಲ್ಲಿ ನನ್ನದೇ ಅಕ್ಷರ: ಪೋರ್ಟಿಕೊ ಮೋಲ್ಡ್. ತಾರೀಕು ಹೋದ ಸೋಮವಾರದ್ದು. ನಾನು ಎಣಿಸಿದ್ದು ಮನೆಯ ಛಾವಣಿಯ ದಿನಗಳನ್ನು.

ಕೂಗಬೇಕಿತ್ತು. ಎಂಜಿನಿಯರ್ ಏನನ್ನುತ್ತಾರೆ, ಕಾಲೇಜಿಗೆ ಏನು ಬರೆಯುತ್ತಾರೆ… ಇಷ್ಟರಲ್ಲಿ ನಾಲ್ಕನೆಯದು ಬಿತ್ತು. ಏನೂ ಆಗಲಿಲ್ಲ. ಏನೂ ಆಗದೇ ಇರಬಹುದು ಅಂದುಕೊಂಡೆ. ಐದನೆಯದೂ ಬಿತ್ತು. ಮೇಲೆ ಒಣಸೌದೆ ಮುರಿದಂಥ ಸದ್ದು. ಅಕ್ಕನ ತಲೆಯ ಸಿಂಬಿಯ ಮೇಲೆ ಪುಡಿ ಉದುರಿತು.

"ಎಂಟೇ ದಿನ! ನಿಲ್ಸಿ!"

ಮೇಸ್ತ್ರಿ ನನ್ನತ್ತ ತಿರುಗಲೂ ಇಲ್ಲ. ಅಕ್ಕನನ್ನು ಹೊರಗೆ ದಬ್ಬಿದರು. ತಾವು ಅದರಡಿಯಲ್ಲೇ ನಿಂತು ಐದೂ ಕಂಬಗಳನ್ನು ಮತ್ತೆ ಎತ್ತಿ ಆನಿಸಿ ಬೆಣೆ ಬಡಿದರು. ಒಂದೊಂದು ಏಟಿಗೂ ಕಣ್ಣು ಮುಚ್ಚಿದೆ. ನಲವತ್ತೊಂದು ಏಟು. ಛಾವಣಿ ನಿಂತಿತು, ಕೂದಲೆಳೆಯಷ್ಟು ಬಿರುಕಿನೊಂದಿಗೆ.

ಹೊರಗೆ ಬಂದು ಅವರು ಮೊದಲು ಅಕ್ಕನಿಗೆ, "ನಿನ್ ಗೀಟೇ ಸರಿ ಕಣವ್ವ" ಎಂದರು. ಆಮೇಲೆ ನನ್ನ ಬಳಿ ಬಂದು ಮೆಲ್ಲಗೆ ಕೇಳಿದರು.

"ನಿಂಗೆ ಯಾವಾಗ್ ಗೊತ್ತಾಯ್ತು ಕೂಸೇ?"

"ಎರಡು ಕಂಬಕ್ಕೆ ಮುಂಚೆ."

ಅವರು ಬೈಯಲಿಲ್ಲ. ಎಂಜಿನಿಯರ್ ಬಂದಾಗ ಬಿರುಕು ತೋರಿಸಿ, ದಿನದ ಲೆಕ್ಕ ತಪ್ಪಿದ್ದು ತಮ್ಮಿಂದಲೇ ಎಂದರು. ನಾನು ಪಕ್ಕದಲ್ಲೇ ನಿಂತಿದ್ದೆ. ಆಗಲೂ ಬಾಯಿ ಬಿಡಲಿಲ್ಲ. ತರಬೇತಿ ಮುಗಿಯುವವರೆಗೂ ಅವರು ನನ್ನನ್ನು ಇನ್ನೊಮ್ಮೆ ದಿನ ಕೇಳಲಿಲ್ಲ.

ಮೊನ್ನೆ ಹನೂರಿನ ಬಸ್ ಸ್ಟ್ಯಾಂಡಿನಲ್ಲಿ ಆ ಅಕ್ಕ ಸಿಕ್ಕಿದ್ದರು. ಮೇಸ್ತ್ರಿ ಹೋಗಿ ವರ್ಷವಾಯಿತಂತೆ, ಎದೆನೋವು. ತಪ್ಪು ನನ್ನದೆಂದು ಒಂದಲ್ಲ ಒಂದು ದಿನ ಅವರೆದುರು ಹೇಳಬೇಕೆಂದಿದ್ದೆ. ಡೈರಿಯಲ್ಲಿ ನಾಲ್ಕು ಸಲ ಬರೆದುಕೊಂಡಿದ್ದೇನೆ ಕೂಡ…

ಯಳಂದೂರಿನಲ್ಲಿ ಇಂದು ಮೋಲ್ಡ್ ಹಾಕಿದೆವು. ಸಂಜೆ ಇದ್ದಿಲು ತೆಗೆದುಕೊಂಡು ಕಂಬದ ಬಳಿ ಹೋದೆ. ಮೊದಲ ಗೀಟು ಸೊಟ್ಟಗೆ ಬಂತು.