ಕರಿಕೆ ಅಗೆದ ಪೈಲವಾನರು

ಮೊನ್ನೆ ಸೊಸೆ ಹುಳಿ ಹಿಡಿದ ಮಜ್ಜಿಗೆಯನ್ನು ಕರಿಬೇವಿನ ಗಿಡದ ಬುಡಕ್ಕೆ ಸುರಿದಳು. ಕೆಂಪು ಮಣ್ಣು, ಹುಳಿ ಮಜ್ಜಿಗೆ... ಆ ವಾಸನೆಗೆ ನಾನು ನಿಂತಲ್ಲೇ ನಿಂತೆ. ಅಳವಂಡಿಯ ನಮ್ಮ ಗರಡಿಮನೆಯ ಅಖಾಡದ ವಾಸನೆ ಅದು. ಕುಸ್ತಿಯ ಮಣ್ಣಿಗೆ ಮಜ್ಜಿಗೆ, ಅರಿಷಿಣ ಬೆರೆಸಿ ಹದ ಮಾಡುತ್ತಿದ್ದವರು ಕುಸ್ತಿ ಕಲಿಸುವ ಗುರು, ನಮ್ಮ ವಸ್ತಾದರು.

ನಿಜಾಮರ ಕಾಲ. ವಸ್ತಾದರು ಹಗಲೆಲ್ಲ ಮನೆಮನೆಗೆ ಹೋಗಿ ಗಾದಿಗೆ ಹತ್ತಿ ಹಿಂಜುತ್ತಿದ್ದರು. ಬೆಳಗು, ಸಂಜೆ ನಮ್ಮನ್ನು ಹಿಂಜುತ್ತಿದ್ದರು. ಒಕ್ಕಲುತನದವರ ಮಕ್ಕಳು, ಮುಸಲ್ಮಾನರ ಮಕ್ಕಳು, ಅಂಗಡಿಕಾರರ ಮಕ್ಕಳು, ಎಲ್ಲ ಒಂದೇ ಮಣ್ಣಿನಲ್ಲಿ ಹೊರಳುತ್ತಿದ್ದೆವು. ಊರಲ್ಲಿ ಹುಡುಗರಿಗೆಂದು ಇದ್ದದ್ದು ಅದೊಂದೇ ಜಾಗ. ಬೀಡಿ ಸೇದಿದವನಿಗೆ, ಸಾಲೆ ತಪ್ಪಿಸಿದವನಿಗೆ ಅಂದು ಅಖಾಡವಿಲ್ಲ. ಮೂಲೆಯಲ್ಲಿ ಕೂತು ಉಳಿದವರ ಆಟ ನೋಡಬೇಕು. ಅದಕ್ಕಿಂತ ದೊಡ್ಡ ಶಿಕ್ಷೆ ನಮಗೆ ಗೊತ್ತಿರಲಿಲ್ಲ.

ಗರಡಿಗೆ ಸೇರಿಸುವಾಗ ತಂದೆಯಾದವನು ಮಗನ ಕೈಯನ್ನು ವಸ್ತಾದರ ಕೈಯಲ್ಲಿಟ್ಟು ಒಪ್ಪಿಸಬೇಕಿತ್ತು. ಅಪ್ಪ ನನ್ನನ್ನೂ ಹಾಗೇ ಒಪ್ಪಿಸಿದ್ದ. ಮೈ ಗಟ್ಟಿಯಾದರೆ ಹೊಲಕ್ಕಾಗುತ್ತಾನೆ ಎಂಬುದು ಅವನ ಆಸೆ.

ನಾಲ್ಕನೆಯ ಇಯತ್ತೆ ಮುಗಿಯಿತು. ಮುಂದೆ ಓದಬೇಕೆಂದರೆ ಕೊಪ್ಪಳದಲ್ಲಿ ಹೋಗಿ ಇರಬೇಕು. ಆ ಬೇಸಿಗೆ ನಮ್ಮ ಎರೆಹೊಲದ ತುಂಬ ಕರಿಕೆ ಹುಲ್ಲು ಹಬ್ಬಿತ್ತು. ಅಗೆದು ಬೇರು ತೆಗೆಯದಿದ್ದರೆ ಬಿತ್ತನೆಯೇ ಇಲ್ಲ. ಸಾಲೆ ಸಾಕು, ಗುದ್ದಲಿ ಹಿಡಿ ಎಂದ ಅಪ್ಪ. ನನ್ನ ಓದು ಅಲ್ಲಿಗೇ ತೀರಿತೆಂದು ಗರಡಿಯಲ್ಲಿ ಕೂತು ಅತ್ತೆ.

ಅಂದು ಸಂಜೆ ವಸ್ತಾದರು ಮನೆಗೇ ಬಂದರು.

“ಅಣ್ಣಾ, ಕೈಯಾಗ ಕೈ ಇಟ್ಟು ಒಪ್ಪಿಸೀದಿ. ನನ್ನ ಒಂದ ಮಾತು ಕೇಳದ ಸಾಲಿ ಹೆಂಗ ಬಿಡಿಸ್ತಿ?”

“ಕುಸ್ತಿಗೆ ಒಪ್ಪಿಸೀನ್ರಿ, ಸಾಲಿಗಲ್ಲ. ಕರಿಕಿ ಯಾರು ಅಗೀಬೇಕು, ನಿಮ್ಮ ಪೈಲವಾನರೇನು?” ಅಪ್ಪ ಕುಟುಕಿದ.

“ಹೂಂ. ಅವರ ಅಗೀತಾರ,” ಎಂದು ಎದ್ದು ಹೋದರು.

ಮರುದಿನ ನಸುಕಿನಲ್ಲಿ ಗರಡಿಯ ಹುಡುಗರೆಲ್ಲ ಲಂಗೋಟಿ ಬಿಗಿದು ನಮ್ಮ ಹೊಲದಲ್ಲಿ ನಿಂತಿದ್ದರು. ಇವತ್ತಿನ ಕಸರತ್ತು ಇದೇ ಎಂದರು ವಸ್ತಾದರು. ಹುಡುಗರು ಹುರುಪಿನಿಂದ ಅಗೆದರು. ಆದರೆ ಅವರಿಗೆ ಗೊತ್ತಿದ್ದದ್ದು ಅಖಾಡದ ಅಗೆತ: ಮೇಲಿನ ಮಣ್ಣು ಸಡಿಲಿಸಿ, ಹೆಂಟೆ ಪುಡಿಮಾಡಿ, ಕೈಯಿಂದ ಸವರಿ ಮಟ್ಟ ಮಾಡುವುದು. ಬಿಸಿಲೇರುವ ಹೊತ್ತಿಗೆ ಹೊಲದ ಒಂದು ಮೂಲೆ ಕುಸ್ತಿಗೆ ತಯಾರಾಗಿತ್ತು. ಕರಿಕೆಯ ಬೇರೆಲ್ಲ ಕೆಳಗೆ ಹಾಗೇ ಇತ್ತು.

ಅಪ್ಪ ಬಂದು ನೋಡಿ ತಲೆ ಮೇಲೆ ಕೈ ಹೊತ್ತ. “ಹೊಲ ಅಗದೀರೋ, ಮಲಗಾಕ ಗಾದಿ ಹಾಸೀರೋ? ಬೇರು ತೊಡಿಮಟ ಇಳದಾವ. ನೀವು ಎಮ್ಮಿ ಬೆನ್ನ ತುರಿಸಿದಂಗ ಕೆದರೀರಲ್ಲ.”

“ಹಂಗಾರ ಇಲ್ಲಿ ನೀನ ವಸ್ತಾದ ಆಗಪ್ಪ. ಕಲಿಸು ನಮಗ,” ಎಂದ ವಸ್ತಾದರು ತಾವೂ ಗುದ್ದಲಿ ಹಿಡಿದು ಹುಡುಗರ ಸಾಲಿನಲ್ಲಿ ನಿಂತರು.

ಅಪ್ಪನಿಗೆ ನಗು ತಡೆಯಲಾಗಲಿಲ್ಲ. ಧೋತರ ಎತ್ತಿ ಕಟ್ಟಿ ಇಳಿದ. ಹೆಂಟೆ ಎಬ್ಬಿಸುವುದನ್ನು, ಬೇರು ಹರಿಯದಂತೆ ಎಳೆಯುವುದನ್ನು ಒಬ್ಬೊಬ್ಬರ ಪಕ್ಕದಲ್ಲಿ ನಿಂತು ತೋರಿಸಿದ. ಮುಂಗಾರಿನ ತನಕ ನಮ್ಮ ಗರಡಿ ಆ ಹೊಲದಲ್ಲೇ ನಡೆಯಿತು. ಕಡೆಯ ಬೇರು ಬದುವಿಗೆ ಬಿದ್ದ ದಿನ ಅಪ್ಪ ನನ್ನತ್ತ ನೋಡದೆ ವಸ್ತಾದರಿಗೆ ಹೇಳಿದ: “ಕೊಪ್ಪಳಕ್ಕ ನೀವ ಕರಕೊಂಡ ಹೋಗ್ರಿ. ಮಾಸ್ತರರ ಮುಂದ ನನಗ ಮಾತಾಡಾಕ ಬರಂಗಿಲ್ಲ.”

ಅವರೇ ಕರೆದೊಯ್ದು ಉರ್ದು ಸಾಲೆಗೆ ಹಾಕಿದರು. ಆಮೇಲೆ ಬಾರದ ಭಾಷೆ, ಒಪ್ಪೊತ್ತಿನ ಊಟ, ಹೈದರಾಬಾದಿನ ಪರದೇಶಿ ಬದುಕು... ಅದನ್ನೆಲ್ಲ ದಾಟಿ ಬಿ.ಎ. ಮಾಡಿದೆ. ನಮ್ಮ ಮನೆತನದಲ್ಲಿ ನಾನೇ ಮೊದಲಿಗ. ಆ ಹೆಮ್ಮೆ ಇವತ್ತಿಗೂ ಇದೆ, ಮುಚ್ಚಿಡುವುದಿಲ್ಲ. ಊರಿಗೆ ಬಂದವನು ನೇರ ಗರಡಿಗೆ ಹೋದೆ. ವಸ್ತಾದರು ನನ್ನ ರಟ್ಟೆ ಹಿಚುಕಿ ನೋಡಿದರು.

“ಇದೇನಲೇ, ಸೌತಿಕಾಯಿ ಆಗೇತಿ. ಹೈದರಾಬಾದಿನ್ಯಾಗ ರೊಟ್ಟಿ ಸಿಗಲಿಲ್ಲೇನು? ನಾಳಿ ನಸಿಕಿನ್ಯಾಗ ಬಾ.”

ಹೋದೆ. ಮೀಸೆ ಮೂಡದ ಹುಡುಗನೊಬ್ಬ ಪದವೀಧರನನ್ನು ಎತ್ತಿ ಒಗೆದ. ವಸ್ತಾದರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಅವರು ಹೋಗಿ ಎಷ್ಟೋ ವರ್ಷವಾಯಿತು. ಗರಡಿ ಇದ್ದಲ್ಲಿ ಈಗ ಗೊಬ್ಬರದ ಅಂಗಡಿ. ಆ ಬೇಸಿಗೆ ಅಗೆದವರಲ್ಲಿ ಕೊಪ್ಪಳದ ಸಾಲೆಯ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ನನ್ನ ಹೆಸರಿನ ಮುಂದಿನ ಎರಡು ಅಕ್ಷರ ಅವರೆಲ್ಲರ ಬೆವರು. ಅವರಿಗೇ ಹೇಳೋಣವೆಂದರೆ, ಒಬ್ಬರೂ ಉಳಿದಿಲ್ಲ...