ಬೆಂಡೆ ಹೂವಿನ ದುಂಬಿಯೂ ನಮ್ಮತ್ತೆಯೂ

ನಮ್ಮತ್ತೆಗೆ ಬೀದಿಯವರು ಇಟ್ಟ ಹೆಸರು ತಕ್ಕಡಿ. ಬಸ್ ನಿಲ್ದಾಣದವರೆಗೆ ಹೋಗಿ, ಬೀಗ ಹಾಕಿದೆನೋ ಇಲ್ಲವೋ ಎಂದು ವಾಪಸ್ ಬರುವವರು ಅವರು. ಅಂಗಡಿಯಲ್ಲಿ ಅವರು ಒಂದು ಬಾಚಣಿಗೆ ಆರಿಸಲು ನಿಂತರೆ ನನಗೆ ಕಾಲುನೋವು ಬರುತ್ತಿತ್ತು. ಮಾವ ತೀರಿಕೊಂಡ ಮೇಲೆ ಬೆಂಡೆ ತೋಟವನ್ನು ಅವರೇ ನೋಡಿಕೊಂಡರು. ಗಿಡದ ಮುಂದೆ ಮಾತ್ರ ಅವರ ಕೈ ತಡವರಿಸುತ್ತಿರಲಿಲ್ಲ.

ಆ ವರ್ಷ ಅಲ್ಲೂ ತಡವರಿಸಿತು. ಕಪ್ಪು ಮೈಗೆ ಕಿತ್ತಳೆ ಪಟ್ಟೆಯ ದುಂಬಿಗಳು ಹಿಂಡುಹಿಂಡಾಗಿ ಬಂದು ಬೆಂಡೆ ಹೂಗಳನ್ನು ತಿನ್ನತೊಡಗಿದವು. ಹೂವೇ ಹೋದರೆ ಕಾಯಿ ಎಲ್ಲಿಂದ ಬರಬೇಕು? ಔಷಧಿ ಅಂಗಡಿಯವನು "ಹೊಡೆದುಬಿಡಿ, ಒಂದೂ ಉಳಿಯಲ್ಲ" ಎಂದು ಡಬ್ಬಿ ಕೊಟ್ಟ. ಅತ್ತೆ ಸ್ಪ್ರೇಯರ್ ತುಂಬಿಸಿ ಬೆನ್ನಿಗೇರಿಸಿದರು, ಮತ್ತೆ ಇಳಿಸಿದರು. ಬೇಲಿಯಂಚಿನಲ್ಲಿ ಅವರ ತಂಗಿಯ ಜೇನುಪೆಟ್ಟಿಗೆಗಳಿದ್ದವು. ಆ ಚಿಕ್ಕತ್ತೆ ಆಗಲೇ ಮುಖ ಕೆಂಪಗೆ ಮಾಡಿಕೊಂಡು ಹೇಳಿಹೋಗಿದ್ದರು: "ಹೂ ಬಿಟ್ಟಿರೋವಾಗ ವಿಷ ಹೊಡೆದ್ರೆ ನನ್ನ ಜೇನೆಲ್ಲ ಸಾಯುತ್ತೆ ಅಕ್ಕ. ಹಾಗೇನಾದ್ರೂ ಮಾಡಿದ್ರೆ ಪೆಟ್ಟಿಗೆ ಎತ್ಕೊಂಡು ಹೋಗ್ತೀನಿ. ಆಮೇಲೆ ಈ ಕಡೆ ತಲೆ ಹಾಕಲ್ಲ."

ಕೃಷಿ ಅಧಿಕಾರಿ ಬಂದು ಮತ್ತೊಂದು ಹೇಳಿದರು. "ಬೆಳಿಗ್ಗೆ ತಂಪಲ್ಲಿ ಇವು ಮಂಕಾಗಿರ್ತವೆ. ದಪ್ಪ ಗ್ಲೌಸ್ ಹಾಕ್ಕೊಂಡು ಹಿಡಿದು ಸೋಪಿನ ನೀರಿಗೆ ಹಾಕಿ. ಜಜ್ಜಬೇಡಿ, ರಸ ತಗುಲಿದ್ರೆ ಗುಳ್ಳೆ ಏಳುತ್ತೆ." ಅಲ್ಲಿಗೆ ನಿಲ್ಲಿಸಿದ್ದರೆ ಪುಣ್ಯ ಬರುತ್ತಿತ್ತು. "ಆದ್ರೆ ಇವುಗಳ ಮರಿಗಳು ಮಣ್ಣಲ್ಲಿ ಮಿಡತೆ ಮೊಟ್ಟೆ ತಿಂದು ಉಪಕಾರಾನೂ ಮಾಡ್ತವೆ" ಎಂದು ಸೇರಿಸಿಬಿಟ್ಟರು.

"ಹಾಗಾದ್ರೆ ಇದು ಒಳ್ಳೇದಾ, ಕೆಟ್ಟದ್ದಾ?" ಅತ್ತೆ ನನ್ನನ್ನು ಕೇಳಿದರು. ನನಗೇನು ಗೊತ್ತು! ಆ ದಿನ ಅಡುಗೆಗೆ ಎರಡೆರಡು ಸಲ ಉಪ್ಪು ಬಿತ್ತು.

ಮಾರನೆಯ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅವರು ತೋಟದಲ್ಲಿದ್ದರು. ಗ್ಲೌಸ್ ಇಲ್ಲವೆಂದು ಮಾವನ ಉಣ್ಣೆ ಕಾಲುಚೀಲವನ್ನು ಕೈಗೇರಿಸಿಕೊಂಡಿದ್ದರು. ದಪ್ಪಗಿದೆ, ಸಾಕು ಅಂದುಕೊಂಡರಂತೆ. ದುಂಬಿಯ ಕಾಲು ಉಣ್ಣೆಗೆ ಸಿಕ್ಕಿಕೊಳ್ಳುತ್ತಿತ್ತು. ಬಿಡಿಸಲು ಹೋಗಿ ಹಿಸುಕಿಬಿಡುತ್ತಿದ್ದರು. ರಸ ಒಳಗಿಳಿಯಿತು. ಸಂಜೆಗೆ ಬೆರಳ ತುಂಬ ನೀರುಗುಳ್ಳೆ. ನನಗೆ ಸಿಟ್ಟು, ಅಳು ಎರಡೂ ಒಟ್ಟಿಗೇ ಬಂತು.

ಅಷ್ಟರಲ್ಲಿ ಚಿಕ್ಕತ್ತೆ ಗಾಡಿ ಮಾಡಿಕೊಂಡು ಬಂದರು. ಅಂಗಳದಲ್ಲಿ ಸ್ಪ್ರೇಯರ್ ಇದೆಯೆಂದು ಯಾರೋ ಚಾಡಿ ಹೇಳಿದ್ದರು. ಪೆಟ್ಟಿಗೆ ಒಯ್ಯಲು ಬಂದಿದ್ದರು. ಅಕ್ಕನ ಕೈ ಕಂಡು ನಿಂತುಬಿಟ್ಟರು.

"ಹೊಡೀಲಿಲ್ವಾ?"

"ಇಲ್ಲ ಕಣೆ."

"ಅರ್ಧ ಹೂ ಹೋಯ್ತಲ್ಲ ಅಕ್ಕ!"

"ಹೋಗ್ಲಿ. ಹುಳ ಒಳ್ಳೇದೋ ಕೆಟ್ಟದ್ದೋ ನಂಗಿನ್ನೂ ತಿಳೀಲಿಲ್ಲ. ನೀನು ಬರದೇ ಹೋದ್ರೆ ನನ್ನ ಕೈಲಾಗಲ್ಲ, ಅದೊಂದು ತಿಳೀತು."

ಗಾಡಿ ಖಾಲಿ ಹೋಯಿತು. ಮರುದಿನ ಚಿಕ್ಕತ್ತೆ ಜೇನು ಬಿಡಿಸುವ ತೊಗಲಿನ ಗ್ಲೌಸ್ ಹಾಕಿಕೊಂಡು ಬೆಂಡೆ ಸಾಲಿಗಿಳಿದರು. ಅತ್ತೆ ಬಕೆಟ್ಟನ್ನು ಮೊಣಕೈಗೆ ತೂಗುಹಾಕಿಕೊಂಡು ಹಿಂದೆ.

"ಬೇಲಿ ಹತ್ರ ಇರೋದನ್ನ ಬಿಡೇ, ಅದರ ಮರಿನಾದ್ರೂ ಮಿಡತೆ ಮೊಟ್ಟೆ ತಿನ್ನಲಿ. ಅಲ್ಲ, ಬೇಡ, ಹಿಡಿ. ಅಯ್ಯೋ, ಬಿಟ್ಬಿಡು."

ಚಿಕ್ಕತ್ತೆ ತಲೆ ಎತ್ತಲಿಲ್ಲ. "ಅಕ್ಕ, ಬಕೆಟ್ ಇನ್ನೂ ಹತ್ರ ತಾ" ಎಂದರು.